ಇನ್ವರ್ಟರಿಗೆ ಮುಂಚೆ ಒಂದು ಚೀಟಿ

ಮಳೆ ಹಿಡಿದುಕೊಂಡಿತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆಯವು: ‘ಇನ್ವರ್ಟರ್ ಹಾಕಿಸಬೇಕು, ಎಷ್ಟರದ್ದು ಹಾಕಿಸಲಿ?’ ಬೆಂಗಳೂರಿನವರು ಅದನ್ನೇ ಯುಪಿಎಸ್ ಅನ್ನುತ್ತಾರೆ. ಹೆಸರು ಏನಿದ್ದರೂ ಮನೆಯ ಮೂಲೆಯಲ್ಲಿ ಕೂರುವ ಪೆಟ್ಟಿಗೆ ಒಂದೇ. ಈ ಪ್ರಶ್ನೆ ಹಿಡಿದುಕೊಂಡು ಅಂಗಡಿಗೆ ಹೋದರೆ ಅಲ್ಲಿಂದ ತಿರುಗಿ ಬರುವ ಪ್ರಶ್ನೆಯೂ ಒಂದೇ: ‘ಎಷ್ಟು ಬೆಡ್‌ರೂಮ್ ಸಾರ್?’ ಎರಡು ಅಂದರೆ ಒಂದು ಮಾಡೆಲ್, ಮೂರು ಅಂದರೆ ಇನ್ನೊಂದು, ಸ್ವಂತ ಮನೆ ಅಂದರೆ ಅದಕ್ಕಿಂತ ದೊಡ್ಡದು. ಕರೆಂಟಿಗೆ ಬೆಡ್‌ರೂಮಿನ ಲೆಕ್ಕ ಗೊತ್ತಿಲ್ಲ. ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ಇಬ್ಬರೇ ವಯಸ್ಸಾದವರಿದ್ದು ಒಂದು ಫ್ಯಾನು, ಎರಡು ದೀಪ ಸಾಕಾಗಬಹುದು. ಒಂದೇ ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಮೂವರು ಹುಡುಗರು ಮೂರು ಲ್ಯಾಪ್‌ಟಾಪ್ ಹಚ್ಚಿಕೊಂಡು ಆಫೀಸು ನಡೆಸುತ್ತಿರಬಹುದು.

ನಾನಿರುವುದು ಶಿವಮೊಗ್ಗ ಜಿಲ್ಲೆಯಲ್ಲಿ. 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ ಇರುವುದೂ ಇದೇ ಜಿಲ್ಲೆಯಲ್ಲಿ. ಇಲ್ಲಿ ಹುಟ್ಟಿದ ಕರೆಂಟು ದೊಡ್ಡ ದೊಡ್ಡ ಟವರುಗಳ ಮೇಲೆ ಊರೂರಿಗೆ ಹೋಗುತ್ತದೆ. ಕೆಳಗಿನ ಹಳ್ಳಿಯಲ್ಲಿ ಅಕೇಶಿಯಾ ಮರ ಲೈನಿನ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ಹಾಗಾಗಿ ಇನ್ವರ್ಟರ್ ನಮ್ಮ ಕಡೆ ಶೋಕಿಯ ಸಾಮಾನಲ್ಲ. ಆದರೆ ಅದನ್ನು ಕೊಳ್ಳುವ ರೀತಿ ಮಾತ್ರ ಪೂರ್ತಿ ಅಂದಾಜಿನದು. ಬೆಂಗಳೂರಿನಲ್ಲಿರುವ ಮಗ ಊರಿಗೆ ಫೋನ್ ಮಾಡಿ ‘ದೊಡ್ಡದೇ ಹಾಕಿಸಿ, ದುಡ್ಡಿನ ಚಿಂತೆ ಬೇಡ’ ಅನ್ನುತ್ತಾನೆ. ಪೇಟೆಯಿಂದ ಎರಡು ಬ್ಯಾಟರಿಯ ದೊಡ್ಡ ಪೆಟ್ಟಿಗೆ ಬರುತ್ತದೆ. ಬಂದದ್ದು ಸಾಕಾಯಿತೋ, ಹೆಚ್ಚಾಯಿತೋ, ಯಾರೂ ಕೇಳುವುದಿಲ್ಲ.

ಹೋದ ವರ್ಷ ತೀರ್ಥಹಳ್ಳಿ ಕಡೆಯ ನೆಂಟರ ಮನೆಯಲ್ಲಿದ್ದೆ. ಬೆಳಿಗ್ಗೆ ಕರೆಂಟಿಲ್ಲ, ಇನ್ವರ್ಟರ್ ಮೇಲೆ ಫ್ಯಾನು, ಟೀವಿ ಓಡುತ್ತಿದ್ದವು. ಒಲೆಯ ಮೇಲೆ ದೋಸೆ ಏಳುತ್ತಿತ್ತು. ಚಿಕ್ಕಮ್ಮ ಕಾಯಿತುರಿ, ಹಸಿಮೆಣಸು ಹಾಕಿ ಮಿಕ್ಸಿಯ ಗುಂಡಿ ತಿರುಗಿಸಿದ್ದೇ ತಡ, ಒಳಕೋಣೆಯಿಂದ ‘ಕುಂಯ್’ ಅಂತ ಒಂದೇ ಸಮನೆ ಸೀಟಿ, ಮರುಕ್ಷಣ ಫ್ಯಾನೂ ಇಲ್ಲ, ಟೀವಿಯೂ ಇಲ್ಲ. ಪೆಟ್ಟಿಗೆಯ ಮೇಲೆ ಓವರ್‌ಲೋಡ್ ಅನ್ನುವ ಕೆಂಪು ದೀಪ. ‘ಎಂತ ಇನ್ವರ್ಟರ್ ಮಾರಾಯ, ಒಂದು ಮುಷ್ಟಿ ಚಟ್ನಿ ಬೀಸಕ್ಕಾಗಲ್ಲ ಅಂದ್ರೆ!’ ಎಂದರು ಚಿಕ್ಕಮ್ಮ. ಅವರ ಸಿಟ್ಟು ನ್ಯಾಯವೇ, ಆದರೆ ಇನ್ವರ್ಟರಿನ ತಪ್ಪೂ ಅಲ್ಲ. ಅದು 900 ವಿಎ ಪೆಟ್ಟಿಗೆ. ಮಿಕ್ಸಿಯ ಅಡಿಯಲ್ಲಿ 750 ವ್ಯಾಟ್ ಎಂದು ಬರೆದಿತ್ತು. ಮೋಟಾರು ನಿಂತಲ್ಲಿಂದ ಏಳುವಾಗ ಅದಕ್ಕಿಂತಲೂ ಹೆಚ್ಚು ಎಳೆಯುತ್ತದೆ. ಮೇಲಿಂದ ಫ್ಯಾನು, ಟೀವಿ. ಅದು ಬಾಯಿ ಮುಚ್ಚಿಕೊಂಡದ್ದೇ ಸರಿ.

ಇಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ, ಜನ ಅವೆರಡನ್ನೂ ಕಲಸಿಬಿಡುತ್ತಾರೆ. ಒಂದೇ ಹೊತ್ತಿಗೆ ಎಷ್ಟು ಸಾಮಾನು ಓಡಬೇಕು ಎನ್ನುವುದು ಒಂದು; ಅದನ್ನು ಹೇಳುವುದು ಇನ್ವರ್ಟರಿನ ಮೇಲಿರುವ ವಿಎ. ಎಷ್ಟು ಹೊತ್ತು ಓಡಬೇಕು ಎನ್ನುವುದು ಇನ್ನೊಂದು; ಅದನ್ನು ಹೇಳುವುದು ಬ್ಯಾಟರಿಯ ಮೇಲಿರುವ ಎಎಚ್. ‘ನಮ್ಮಲ್ಲಿ ಬೇಗ ಚಾರ್ಜ್ ಮುಗಿಯುತ್ತೆ, ದೊಡ್ಡ ಇನ್ವರ್ಟರ್ ಹಾಕಿಸಲಾ?’ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ತಂಬಿಗೆ ದೊಡ್ಡದಾದರೆ ಹಂಡೆಯ ನೀರು ಹೆಚ್ಚುವುದಿಲ್ಲ. ದೊಡ್ಡ ಇನ್ವರ್ಟರ್ ಸುಮ್ಮನಿದ್ದಾಗಲೂ ತನ್ನ ಖರ್ಚಿಗೆಂದು ಒಂದಿಷ್ಟು ಹೆಚ್ಚೇ ತಿನ್ನುತ್ತದೆ, ಆ ಲೆಕ್ಕದಲ್ಲಿ ಹೊತ್ತು ಇನ್ನೂ ಕಡಿಮೆಯಾದೀತು.

ಹಾಗಾದರೆ ಶುರು ಮಾಡುವುದೆಲ್ಲಿಂದ? ಒಂದು ಚೀಟಿ, ಒಂದು ಪೆನ್ನಿನಿಂದ. ಕರೆಂಟ್ ಹೋದಾಗ ಇವು ಇರಲೇಬೇಕು ಅನ್ನಿಸುವ ಸಾಮಾನುಗಳನ್ನು ಬರೆಯುತ್ತಾ ಹೋಗಿ, ಮುಂದೆ ಅದರ ವ್ಯಾಟ್ ಬರೆಯಿರಿ. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್, ಎರಡಕ್ಕೆ 150. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ನಾಲ್ಕು, 36. ವೈಫೈ ರೂಟರ್ ಮತ್ತು ಫೈಬರ್ ಡಬ್ಬಿ ಸೇರಿ 14. 32 ಇಂಚಿನ ಟೀವಿ 60. ಲ್ಯಾಪ್‌ಟಾಪ್ 60. ಒಟ್ಟು 320 ವ್ಯಾಟ್. ನಮ್ಮ ಮಧ್ಯಮವರ್ಗದ ಬಹುಪಾಲು ಮನೆಗಳ ನಿಜವಾದ ಅಗತ್ಯ ಇದರ ಆಸುಪಾಸಿನಲ್ಲೇ ಇರುತ್ತದೆ.

ಸಾಮಾನಿನ ಹಿಂದಿನ ಚೀಟಿಯನ್ನು ಓದುವಾಗ ಸ್ವಲ್ಪ ವಿವೇಕ ಬೇಕು. ಅಲ್ಲಿ ಬರೆದಿರುವುದು ಗರಿಷ್ಠ ಎಷ್ಟು ಎಳೆಯಬಹುದು ಎಂಬುದು. ಲ್ಯಾಪ್‌ಟಾಪಿನ ಚಾರ್ಜರಿನ ಮೇಲೆ 65 ವ್ಯಾಟ್ ಇದ್ದರೂ ಬ್ಯಾಟರಿ ತುಂಬಿದ ಮೇಲೆ ಅದರ ಅರ್ಧವನ್ನೂ ತಿನ್ನುವುದಿಲ್ಲ. ಕಂಪ್ಯೂಟರಿನ ಹೊಟ್ಟೆಯೊಳಗಿನ ಡಬ್ಬಿಯ ಮೇಲೆ 450 ವ್ಯಾಟ್ ಎಂದಿದ್ದರೆ ಅದು ಆ ಡಬ್ಬಿಯ ತಾಕತ್ತು, ನಿಮ್ಮ ಬಳಕೆಯಲ್ಲ. ಕಾಗದಪತ್ರ ಟೈಪ್ ಮಾಡುವ ಮಾಮೂಲಿ ಕಂಪ್ಯೂಟರ್ ಮಾನಿಟರ್ ಸೇರಿ ನೂರು-ನೂರೈವತ್ತರೊಳಗೆ ಇರುತ್ತದೆ. ಮೋಟಾರು ಇರುವ ಸಾಮಾನಿನ ಕತೆ ಉಲ್ಟಾ. ಒಂದು ಎಚ್‌ಪಿ ಅಂದರೆ 746 ವ್ಯಾಟ್ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಪಂಪು ಹೊರಗೆ ಮಾಡಿಕೊಡುವ ಕೆಲಸ. ಒಳಗೆ ಎಳೆಯುವುದು ಸಾವಿರ ದಾಟುತ್ತದೆ, ಶುರುವಾಗುವ ಗಳಿಗೆಯಲ್ಲಂತೂ ಅದರ ನಾಲ್ಕೈದು ಪಟ್ಟು. ಫ್ರಿಜ್ಜೂ ಹಾಗೆಯೇ. ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಇನ್ನೂರು ಚಿಲ್ಲರೆ ಯೂನಿಟ್ ಎಂದು ಓದಿ, ಅದನ್ನು ಗಂಟೆಗೆ ಭಾಗಿಸಿ ‘ಇಷ್ಟೇನಾ’ ಅನ್ನಿಸಬಹುದು. ಹಳೆ ಮಾದರಿಯ ಕಂಪ್ರೆಸರ್ ಏಳುವಾಗ ಕೇಳುವ ಜೋರನ್ನು ಆ ಸರಾಸರಿ ಹೇಳುವುದಿಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಮೂರ್ನಾಲ್ಕು ಗಂಟೆ ತನ್ನ ತಂಪನ್ನು ತಾನೇ ಕಾಯ್ದುಕೊಳ್ಳುತ್ತದೆ, ಅದನ್ನು ಚೀಟಿಯಿಂದ ಬಿಡಿ. ಗೀಸರ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆಗಳ ಬಗ್ಗೆ ಚರ್ಚೆಯೇ ಬೇಡ. ಬಿಸಿ ಮಾಡುವ ಯಾವ ಸಾಮಾನೂ ಬ್ಯಾಟರಿಯ ಹತ್ತಿರ ಸುಳಿಯಬಾರದು.

ಯಾವ ಚೀಟಿಯನ್ನೂ ನಂಬದವರಿಗೆ ನಿಮ್ಮ ಮನೆಯ ಕರೆಂಟ್ ಮೀಟರೇ ಇದೆ. ಅದರ ಮುಖದ ಮೇಲೆ ಒಂದು ಚಿಕ್ಕ ಕೆಂಪು ದೀಪ ಮಿನುಗುತ್ತಿರುತ್ತದೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 3200 ಅಥವಾ 1600 ಎಂಬ ಸಂಖ್ಯೆ ಇರುತ್ತದೆ. ಆ ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಎಂದು ಅರ್ಥ. ಕರೆಂಟ್ ಇರುವಾಗ ಸಂಜೆ ಹೊತ್ತು ಮನೆಯ ಎಲ್ಲವನ್ನೂ ಆರಿಸಿ, ಈಗಾಗಲೇ ಇನ್ವರ್ಟರ್ ಇದ್ದರೆ ಅದರ ಪ್ಲಗ್ಗನ್ನೂ ಕಿತ್ತು, ಚೀಟಿಯಲ್ಲಿ ಬರೆದವನ್ನು ಮಾತ್ರ ಹಾಕಿ. ಒಬ್ಬರು ಗಡಿಯಾರ ನೋಡಲಿ, ಇನ್ನೊಬ್ಬರು ಒಂದು ನಿಮಿಷ ಮಿನುಗು ಎಣಿಸಲಿ. 3200ರ ಮೀಟರಾದರೆ ಎಣಿಸಿದ್ದನ್ನು 18.75ರಿಂದ ಗುಣಿಸಿ, 1600ರದ್ದಾದರೆ 37.5ರಿಂದ. ನಿಮಿಷಕ್ಕೆ 17 ಸಲ ಮಿನುಗಿತೆಂದರೆ ಸುಮಾರು 319 ವ್ಯಾಟ್. ನಮ್ಮ ಬೀದಿಯ ಹೈಸ್ಕೂಲ್ ಹುಡುಗಿಯೊಬ್ಬಳಿಗೆ ಇದನ್ನು ಹೇಳಿಕೊಟ್ಟೆ. ಎಲ್ಲ ಆರಿಸಿದ ಮೇಲೂ ಅವರ ಮನೆಯ ಮೀಟರು ಆಗೊಮ್ಮೆ ಈಗೊಮ್ಮೆ ಮಿನುಗುತ್ತಲೇ ಇದ್ದುದನ್ನು ಹಿಡಿದು, ಸೆಟ್‌ಟಾಪ್ ಬಾಕ್ಸಿನ ಸ್ವಿಚ್ಚು ಹಾಕಿಯೇ ಇತ್ತೆಂದು ಪತ್ತೆ ಮಾಡಿದಳು. ಅಪ್ಪನಿಗಿಂತ ಚುರುಕು.

ವ್ಯಾಟ್ ಸಿಕ್ಕಿತು, ವಿಎ ಹೇಗೆ? ಇನ್ವರ್ಟರ್ ಮೇಲೆ ಬರೆಯುವ ವಿಎ ಪೂರ್ತಿ ವ್ಯಾಟಾಗಿ ಕೈಗೆ ಸಿಗುವುದಿಲ್ಲ. ಮನೆಯ ಇನ್ವರ್ಟರಿನಲ್ಲಿ ಅದರ ಮುಕ್ಕಾಲು ಅಥವಾ ಅದಕ್ಕಿಂತ ಚೂರು ಹೆಚ್ಚು ಸಿಗುತ್ತದೆ ಅನ್ನಿ; ಕಂಪ್ಯೂಟರಿನ ಪಕ್ಕ ಇಡುವ ಸಣ್ಣ 600 ವಿಎ ಯುಪಿಎಸ್ ಅಂತೂ ಸಾಮಾನ್ಯವಾಗಿ 360 ವ್ಯಾಟಿನದು. ನಮ್ಮ 320 ವ್ಯಾಟನ್ನು 0.8ರಿಂದ ಭಾಗಿಸಿದರೆ 400 ವಿಎ. ಮುಂದೆ ಬರುವ ಸಾಮಾನಿಗೆಂದು ಮೂರನೇ ಒಂದು ಭಾಗ ಬಿಟ್ಟುಕೊಂಡರೂ ಐನೂರೈವತ್ತು ದಾಟುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ 700 ಅಥವಾ 900 ವಿಎ ಪೆಟ್ಟಿಗೆ ಧಾರಾಳವಾಯಿತು. ಪ್ಯೂರ್ ಸೈನ್ ವೇವ್ ಇರುವುದನ್ನೇ ಕೇಳಿ ತನ್ನಿ. ಸ್ಕ್ವೇರ್ ವೇವಿನದ್ದು ಅಗ್ಗ, ಆದರೆ ರಾತ್ರಿಯಿಡೀ ಫ್ಯಾನು ಜೀರುಂಡೆಯ ಹಾಗೆ ಗುಂಯ್‌ಗುಡುತ್ತದೆ.

ಈಗ ಬ್ಯಾಟರಿ. ಅಂಗಡಿಯಲ್ಲಿ ಹೆಚ್ಚು ಮಾರಾಟವಾಗುವುದು 12 ವೋಲ್ಟಿನ 150 ಎಎಚ್ ಟ್ಯೂಬುಲರ್. ಎರಡನ್ನೂ ಗುಣಿಸಿದರೆ 1800 ವ್ಯಾಟ್-ಅವರ್. 320ರಿಂದ ಭಾಗಿಸಿದರೆ ಐದೂವರೆ ಗಂಟೆ ಚಿಲ್ಲರೆ. ಅಂಗಡಿಯವರು ಹೇಳುವ ಲೆಕ್ಕ ಇದು. ಮನೆಗೆ ತಂದ ಮೇಲೆ ಮೂರು ಗಂಟೆಗೆ ಸುಸ್ತಾದಾಗ ‘ಬ್ಯಾಟರಿ ಡ್ಯೂಪ್ಲಿಕೇಟ್ ಕೊಟ್ಟ’ ಎಂಬ ಜಗಳ ಶುರುವಾಗುತ್ತದೆ. ಡ್ಯೂಪ್ಲಿಕೇಟ್ ಆಗಿರಬೇಕೆಂದೇನೂ ಇಲ್ಲ. ಬ್ಯಾಟರಿಯ ಮೇಲೆ 150ರ ಪಕ್ಕದಲ್ಲಿ ಸಿ20 ಎಂದು ಬರೆದಿರುತ್ತದೆ, ಅದನ್ನು ಓದುವವರಿಲ್ಲ. ಇಪ್ಪತ್ತು ಗಂಟೆ ಹೊತ್ತು ನಿಧಾನವಾಗಿ, ಏಳೂವರೆ ಆಂಪಿಯರಿನ ಹಾಗೆ ಎಳೆದರೆ ಮಾತ್ರ ಆ 150 ಪೂರ್ತಿ ಸಿಗುತ್ತದೆ. ನಮ್ಮ 320 ವ್ಯಾಟಿಗೆ ಇನ್ವರ್ಟರ್ ಎಳೆಯುವುದು ಮೂವತ್ತು ಆಂಪಿಯರಿಗೂ ಹೆಚ್ಚು. ಅವಸರದಲ್ಲಿ ಎಳೆದಷ್ಟೂ ಸೀಸ-ಆಮ್ಲದ ಬ್ಯಾಟರಿ ಕಡಿಮೆ ಕೊಡುತ್ತದೆ. 1897ರಲ್ಲೇ ಪಾಯ್ಕರ್ಟ್ ಎಂಬ ಜರ್ಮನ್ ವಿಜ್ಞಾನಿ ಇದಕ್ಕೊಂದು ಸೂತ್ರ ಬರೆದಿಟ್ಟಿದ್ದಾರೆ. ಅದರ ಮೇಲೆ ಬ್ಯಾಟರಿಯ ಕರೆಂಟನ್ನು 230 ವೋಲ್ಟಿಗೆ ಏರಿಸುವಾಗ ಇನ್ವರ್ಟರ್ ತನ್ನ ಪಾಲು ಮುರಿದುಕೊಳ್ಳುತ್ತದೆ, ಹತ್ತಿರ ಹತ್ತಿರ ಐದರಲ್ಲಿ ಒಂದು ಭಾಗ. ಇನ್ನು ತಳ ಕಾಣುವ ತನಕ ಹಿಂಡಿದರೆ ಬ್ಯಾಟರಿಯ ಆಯಸ್ಸೇ ತಗ್ಗುತ್ತದೆ.

ಇದೆಲ್ಲ ಕಳೆದು ನಾನು ಇಟ್ಟುಕೊಂಡಿರುವ ಲೆಕ್ಕ ಸರಳ: ಒಳ್ಳೆಯ ಸ್ಥಿತಿಯಲ್ಲಿರುವ 150 ಎಎಚ್ ಬ್ಯಾಟರಿ ನಂಬಿಕೆಯಿಂದ ಕೊಡುವುದು ಸುಮಾರು ಸಾವಿರ ವ್ಯಾಟ್-ಅವರ್. ಅಂದರೆ ಒಂದು ಯೂನಿಟ್! ಇಬ್ಬರು ಸೇರಿ ಎತ್ತುವ ಆ ಭಾರದ ಪೆಟ್ಟಿಗೆಯೊಳಗೆ ಇರುವುದು ಕರೆಂಟ್ ಬಿಲ್ಲಿನಲ್ಲಿ ಆರು ರೂಪಾಯಿ ಆಸುಪಾಸಿನ ಸರಕು. ಇದನ್ನು ಮನಸ್ಸಿಗೆ ತಂದುಕೊಂಡರೆ ಇನ್ವರ್ಟರ್ ಮೇಲೆ ಗೀಸರ್ ಓಡಿಸುವ ಕನಸು ತಾನಾಗಿ ಬಿಟ್ಟುಹೋಗುತ್ತದೆ.

ಸಾವಿರವನ್ನು ನಿಮ್ಮ ಚೀಟಿಯ ಮೊತ್ತದಿಂದ ಭಾಗಿಸಿ, ಗಂಟೆ ಸಿಗುತ್ತದೆ. 320 ಆದರೆ ಮೂರು ಗಂಟೆ ಚಿಲ್ಲರೆ. ಆದರೆ ಎಲ್ಲವೂ ಎಲ್ಲ ಹೊತ್ತೂ ಓಡುವುದಿಲ್ಲವಲ್ಲ. ರಾತ್ರಿ ಮಲಗಿದ ಮೇಲೆ ಎರಡು ಫ್ಯಾನು, ರೂಟರ್ ಅಷ್ಟೇ, 164 ವ್ಯಾಟ್, ಆರು ಗಂಟೆ ಬರುತ್ತದೆ. ಹಾಗಾಗಿ ಇನ್ವರ್ಟರಿನ ಗಾತ್ರಕ್ಕೆ ಗರಿಷ್ಠ ಮೊತ್ತವನ್ನು, ಬ್ಯಾಟರಿಯ ಗಾತ್ರಕ್ಕೆ ಸರಾಸರಿಯನ್ನು ಹಿಡಿಯಬೇಕು.

ಇಷ್ಟಕ್ಕೆ ‘ನಮಗೆ ಆರೇಳು ಗಂಟೆ ಬೇಕು, ಹಾಗಾದರೆ ಎರಡು ಬ್ಯಾಟರಿ’ ಎಂದು ಎದ್ದು ಹೊರಡುವವರನ್ನು ಹಿಡಿದು ಕೂರಿಸಬೇಕು. ಚೀಟಿಯನ್ನು ಇನ್ನೊಂದು ಸಲ ನೋಡಿ. ಅದರಲ್ಲಿ ಅರ್ಧದಷ್ಟನ್ನು ತಿನ್ನುತ್ತಿರುವುದು ಎರಡು ಫ್ಯಾನು. ಅವುಗಳ ಜಾಗದಲ್ಲಿ ಬಿಎಲ್‌ಡಿಸಿ ಫ್ಯಾನು ಹಾಕಿದರೆ ಒಂದಕ್ಕೆ 30 ವ್ಯಾಟ್. 320 ಇದ್ದದ್ದು 230ಕ್ಕೆ ಇಳಿಯಿತು, ನಾಲ್ಕು ಗಂಟೆ ದಾಟಿತು. ರಾತ್ರಿಯ ಲೆಕ್ಕದಲ್ಲಂತೂ 164 ಇದ್ದದ್ದು 74. ಅದೇ ಒಂದು ಬ್ಯಾಟರಿಯಲ್ಲಿ ಹದಿಮೂರು ಗಂಟೆ ಚಿಲ್ಲರೆ ನಿದ್ದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಚೀಟಿ ಕಡ್ಡಾಯವಾಗಿದೆ, ನೋಡಿ ಆರಿಸುವುದು ಕಷ್ಟವಲ್ಲ. ಮಲೆನಾಡಿನಲ್ಲಿ ಸಿಡಿಲಿಗೆ ಬಿಎಲ್‌ಡಿಸಿ ಫ್ಯಾನಿನ ಎಲೆಕ್ಟ್ರಾನಿಕ್ ಬೋರ್ಡು ಸುಟ್ಟುಹೋಗುತ್ತದೆ ಎಂಬ ದೂರು ಇದೆ, ಸುಳ್ಳಲ್ಲ. ಅರ್ಥಿಂಗ್ ಸರಿಮಾಡಿಸಿ, ಗುಡುಗು ಶುರುವಾದಾಗ ಮೇನ್ ಆಫ್ ಮಾಡುವ ಹಳೇ ಅಭ್ಯಾಸ ಬಿಡಬೇಡಿ. ಒಂದು ಬ್ಯಾಟರಿಯ ದುಡ್ಡಿಗೆ ಇಂಥ ಫ್ಯಾನು ನಾಲ್ಕಾದರೂ ಬರುತ್ತವೆ. ಕರೆಂಟ್ ಇರುವ ದಿನವೂ ಫ್ಯಾನು ಉಳಿತಾಯ ಮಾಡುತ್ತದೆ, ಎರಡನೇ ಬ್ಯಾಟರಿ ಆ ದಿನ ಸುಮ್ಮನೆ ಕೂತು ಡಿಸ್ಟಿಲ್ಡ್ ವಾಟರ್ ಕುಡಿಯುತ್ತದೆ. ಲೋಡ್ ಇಳಿಸದೆ ಬ್ಯಾಟರಿ ಏರಿಸುವುದು ನನ್ನ ಪ್ರಕಾರ ದುಡ್ಡು ದಂಡ.

ಎರಡನೇ ಬ್ಯಾಟರಿಗೂ ದೊಡ್ಡ ಬ್ಯಾಟರಿಗೂ ನಾನು ಅಡ್ಡ ಬರಲು ಇನ್ನೊಂದು ಕಾರಣವಿದೆ. ಖರ್ಚಿನ ಲೆಕ್ಕ ಮಾಡುವವರು ಜಮೆಯ ಲೆಕ್ಕ ಮರೆಯುತ್ತಾರೆ. ಮಾಮೂಲಿ ಇನ್ವರ್ಟರ್ ಹದಿನೈದು ಆಂಪಿಯರಿನಲ್ಲಿ ತುಂಬುತ್ತದೆ ಅಂತಿಟ್ಟುಕೊಳ್ಳಿ. ಖಾಲಿಯಾದ 150 ಎಎಚ್ ಬ್ಯಾಟರಿ ತುಂಬಲು ಹತ್ತರಿಂದ ಹನ್ನೆರಡು ಗಂಟೆ ಬೇಕು. ಆಷಾಢದ ಮಳೆಯಲ್ಲಿ ದಿನಕ್ಕೆ ಆರು ಗಂಟೆ ಕರೆಂಟ್ ಬಂದರೆ ಒಳಗೆ ಹೋಗುವುದು 90 ಎಎಚ್. ಬ್ಯಾಟರಿ 150ರದ್ದಿರಲಿ, 220ರದ್ದಿರಲಿ, ಅಷ್ಟೇ. ಮೊದಲ ದಿನ ಮಾತ್ರ ದೊಡ್ಡದರ ದೊಡ್ಡಸ್ತಿಕೆ, ಎರಡನೇ ದಿನದಿಂದ ಎರಡೂ ಒಂದೇ. ಮೇಲಾಗಿ ಸದಾ ಅರೆಹೊಟ್ಟೆಯಲ್ಲಿರುವ ಸೀಸದ ಬ್ಯಾಟರಿಯ ತಗಡಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಅದು ಬೇಗ ಸಾಯುತ್ತದೆ. ಲೀಥಿಯಂ ಬ್ಯಾಟರಿಗೆ ಈ ರೋಗ ಇಲ್ಲ, ಬೇಗ ತುಂಬುತ್ತದೆ, ಬರೆದಷ್ಟರಲ್ಲಿ ಬಹುಪಾಲು ಕೊಡುತ್ತದೆ, ಬೆಲೆ ಜಾಸ್ತಿ. ಸೋಲಾರ್ ಹಾಕಿಸೋಣ ಅನ್ನುವವರಿಗೆ ಬಯಲುಸೀಮೆಯಲ್ಲಿ ನನ್ನ ಒಪ್ಪಿಗೆ ಇದೆ. ಇಲ್ಲಿ ಕರೆಂಟ್ ಇಲ್ಲದ ತಿಂಗಳೂ ಬಿಸಿಲಿಲ್ಲದ ತಿಂಗಳೂ ಒಂದೇ.

‘ಕರೆಂಟ್ ಇದ್ದರೂ ಇನ್ವರ್ಟರ್ ಬ್ಯಾಟರಿಯಲ್ಲೇ ಓಡ್ತಾ ಇದೆ’ ಎಂಬ ದೂರೂ ಹಳ್ಳಿಗಳಿಂದ ಬರುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗಳಲ್ಲಿ ಸಂಜೆ ವೋಲ್ಟೇಜ್ ಬೀಳುತ್ತದೆ. ಇನ್ವರ್ಟರನ್ನು ಯುಪಿಎಸ್ ಮೋಡಿನಲ್ಲಿಟ್ಟಿದ್ದರೆ 180 ವೋಲ್ಟಿನ ಆಸುಪಾಸಿಗೆ ಇಳಿದ ಕೂಡಲೇ ಅದು ಕರೆಂಟೇ ಹೋಯಿತೆಂದು ತಿಳಿಯುತ್ತದೆ. ಹಿಂದುಗಡೆ ಒಂದು ಸಣ್ಣ ಸ್ವಿಚ್ಚಿದೆ, ಇನ್ನೊಂದು ಮೋಡಿಗೆ ತಳ್ಳಿದರೆ ಮುಗಿಯಿತು. ಕಂಪ್ಯೂಟರ್ ಇದ್ದವರು ಮಾತ್ರ ಯುಪಿಎಸ್ ಮೋಡಿನಲ್ಲೇ ಇರಲಿ.

ಕೆಲವರಿಗೆ ಇನ್ವರ್ಟರೇ ಬೇಡ. ಮನೆಯಿಂದ ಆಫೀಸು ಕೆಲಸ ಮಾಡುವವರ ಲ್ಯಾಪ್‌ಟಾಪಿನಲ್ಲಿ ಅದರದ್ದೇ ಬ್ಯಾಟರಿ ಇದೆ, ಸಾಯುವುದು ರೂಟರ್ ಮಾತ್ರ. ಅದಕ್ಕೆಂದೇ ಅಂಗೈಯಗಲದ ಮಿನಿ ಯುಪಿಎಸ್ ಸಿಗುತ್ತದೆ. ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದಿದೆಯೇ, 9 ಎಂದಿದೆಯೇ ನೋಡಿ ಅದಕ್ಕೆ ತಕ್ಕದ್ದನ್ನು ತಂದರಾಯಿತು.

ಇದಕ್ಕೆ ತದ್ವಿರುದ್ಧ, ಲೆಕ್ಕ ತಪ್ಪಲೇಬಾರದ ಮನೆಗಳೂ ಇವೆ. ಕೋವಿಡ್ ನಂತರ ಎಷ್ಟೋ ಹಿರಿಯರ ಹಾಸಿಗೆ ಪಕ್ಕ ಆಕ್ಸಿಜನ್ ಕಾನ್ಸೆಂಟ್ರೇಟರ್ ಬಂದು ಕೂತಿದೆ. ಐದು ಲೀಟರಿನ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ, ಒಳಗೆ ಕಂಪ್ರೆಸರ್ ಇದೆ, ಇಡೀ ದಿನ ಓಡುತ್ತದೆ. ಅದೊಂದಕ್ಕೇ ಒಂದು ಬ್ಯಾಟರಿ ಮೂರು ಗಂಟೆಯೂ ಬಾರದು. ಅಂಥ ಮನೆಯಲ್ಲಿ ಟೀವಿ, ಫ್ಯಾನಿನ ಲೈನಿಗೆ ಇದನ್ನು ಸೇರಿಸಬೇಡಿ, ಬೇರೆಯೇ ಇನ್ವರ್ಟರ್ ಇರಲಿ. ಎಷ್ಟೇ ಬ್ಯಾಟರಿ ಇದ್ದರೂ ತುಂಬಿದ ಒಂದು ಸಿಲಿಂಡರ್ ಮನೆಯಲ್ಲಿರಲಿ. ಇಲ್ಲಿ ಮಾತ್ರ ದುಡ್ಡು ಉಳಿಸುವ ಮಾತು ನಾನು ಆಡುವುದಿಲ್ಲ.

ವೈರಿಂಗಿನ ವಿಷಯಕ್ಕೆ ಎಲೆಕ್ಟ್ರಿಷಿಯನ್ ಬಂದಾಗ ಚೀಟಿ ಅವರ ಕೈಗೆ ಕೊಡಿ. ‘ಎಲ್ಲಾ ಲೈನಿಗೂ ಕೊಟ್ಟುಬಿಡ್ತೀನಿ ಸಾರ್’ ಅಂದರೆ ಒಪ್ಪಬೇಡಿ. ಅಡುಗೆಮನೆಯ ದೊಡ್ಡ ಪ್ಲಗ್ಗು, ಬಚ್ಚಲುಮನೆಯ ಪಾಯಿಂಟು ಇನ್ವರ್ಟರ್ ಲೈನಿನಿಂದ ಹೊರಗಿರಲಿ. ಚಿಕ್ಕಮ್ಮನ ಮನೆಯಲ್ಲಿ ಆಗಬೇಕಿದ್ದದ್ದೂ ಅಷ್ಟೇ ಕೆಲಸ.

ಹಾಕಿಸಿದ ವಾರದಲ್ಲಿ, ಬ್ಯಾಟರಿ ಪೂರ್ತಿ ತುಂಬಿದ ಮೇಲೆ ಒಂದು ರಜಾದಿನ ಮೇನ್ ಆಫ್ ಮಾಡಿ, ಚೀಟಿಯಲ್ಲಿದ್ದವನ್ನೆಲ್ಲ ಹಾಕಿ, ಲೋ ಬ್ಯಾಟರಿ ಎಂದು ಕೂಗುವ ತನಕ ಎಷ್ಟು ಹೊತ್ತು ಬಂತೆಂದು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಮ್ಮೆ ಹೀಗೆ ನೋಡಿ. ಬರೆದಿಟ್ಟ ಹೊತ್ತಿನ ಅರ್ಧಕ್ಕೆ ಇಳಿದ ವರ್ಷ ಬ್ಯಾಟರಿ ಬದಲಿಸಿ. ಹಳೆಯದನ್ನು ಗುಜರಿಗೆ ಹಾಕದೆ ಬ್ಯಾಟರಿ ಅಂಗಡಿಗೇ ಕೊಡಿ. ಒಳಗಿರುವ ಸೀಸಕ್ಕೆ ಬೆಲೆ ಇದೆ, ಹೊಸದರ ದರದಲ್ಲಿ ಅದನ್ನು ಮುರಿದುಕೊಳ್ಳುತ್ತಾರೆ.